ಇಫ್ತಾರಿನ ನಂತರದ ಮೊದಲ ಬೀಡಿ

ರಮಝಾನ್‌ನಲ್ಲಿ ಮಗ್ರಿಬ್ ನಮಾಝ್ ಮುಗಿದ ಕೂಡಲೇ ಮಸೀದಿಯ ಗೇಟಿನಾಚೆ ನಾಲ್ಕೈದು ಮಂದಿ ಸೇರಿ ಬೀಡಿ ಹಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ಸಹರಿಯಿಂದ ಸುಮಾರು 13 ಗಂಟೆ ಅದನ್ನು ಮುಟ್ಟದೆ ದುಡಿದವರು ಅವರು. "ನನ್ನಿಂದ ಬಿಡಲು ಸಾಧ್ಯವೇ ಇಲ್ಲ" ಎನ್ನುವವರೂ ಅವರೇ.

ಆ 13 ಗಂಟೆಗಳಲ್ಲಿ ದೇಹ ಸುಮ್ಮನಿರುವುದಿಲ್ಲ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿದೆ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂರುತ್ತದೆ. ಸೇದುವುದನ್ನು ನಿಲ್ಲಿಸಿದ 20 ನಿಮಿಷಗಳಲ್ಲೇ ಹೃದಯದ ಬಡಿತ ಮತ್ತು ರಕ್ತದೊತ್ತಡ ಇಳಿಯತೊಡಗುತ್ತವೆ. ಸುಮಾರು 12 ಗಂಟೆಯಲ್ಲಿ ಆ ಅನಿಲವೂ ಸಹಜ ಮಟ್ಟಕ್ಕೆ ಬರುತ್ತದೆ. ಅಂದರೆ ಮಗ್ರಿಬ್ ಅಝಾನ್ ಆಗುವ ಹೊತ್ತಿಗೆ ಉಪವಾಸಿಗನ ರಕ್ತ ಆ ಅನಿಲದಿಂದ ಬಹುಮಟ್ಟಿಗೆ ಮುಕ್ತವಾಗಿರುತ್ತದೆ.

ಆಗಲೇ ಒಂದರ ಹಿಂದೊಂದು ಎರಡು ಮೂರು ಬೀಡಿ ಒಳಗೆ ಹೋಗುತ್ತವೆ. ನಿಕೋಟಿನ್ ಬಡಿತವನ್ನು ಏರಿಸುತ್ತದೆ, ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಹೊಗೆಯಿಂದ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ. ಹೊಟ್ಟೆ ತುಂಬ ತಿಂದಿರುವುದರಿಂದ ಹೃದಯಕ್ಕೆ ಆಗ ಮೊದಲೇ ಕೆಲಸ ಜಾಸ್ತಿ. ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾದ ಗಳಿಗೆಯಲ್ಲೇ ಸಿಗುವುದು ಕಡಿಮೆಯಾಗುತ್ತದೆ.

"ಈಗ ಕಡಿಮೆ ಮಾಡಿದ್ದೇನೆ, ದಿನಕ್ಕೆ ಒಂದೇ" ಎಂದು ಸಮಾಧಾನ ಪಡುವವರಿದ್ದಾರೆ. ಹೃದಯದ ಲೆಕ್ಕ ಹಾಗಿಲ್ಲ. ದಿನಕ್ಕೆ 20 ಸಿಗರೇಟು ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಏರುತ್ತದೆಯೋ ಅದರ ಹತ್ತಿರಹತ್ತಿರ ಅರ್ಧದಷ್ಟು, ಒಂದೇ ಸೇದುವವರಿಗೂ ಏರುತ್ತದೆ ಎಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ತೋರಿಸಿತು. ಬೀಡಿ ಚಿಕ್ಕದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ಮಾತೂ ಸರಿಯಲ್ಲ. ಅದು ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. (ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟೋ ಇವೆ. ಅವರಿಗೆ ಇದು ಕಹಿ ಎನಿಸಬಹುದು.) ಇನ್ನು ಮನೆಯೊಳಗೆ ಸೇದಿದರೆ ಹೆಂಡತಿ, ಮಕ್ಕಳು, ವಯಸ್ಸಾದ ಉಮ್ಮ ಎಲ್ಲರೂ ಅದೇ ಹೊಗೆ ಕುಡಿಯುತ್ತಾರೆ.

ಹರಾಮೋ ಮಕ್ರೂಹೋ ಎಂಬ ಚರ್ಚೆಯನ್ನು ಉಲಮಾಗಳಿಗೆ ಬಿಡೋಣ. ಬಿಡಬೇಕೆಂದಿರುವವರಿಗೆ ರಮಝಾನ್‌ನಲ್ಲಿ ಹಗಲು ಪೂರ್ತಿ ಆಗಲೇ ದಕ್ಕಿದೆ. ಗೆಲ್ಲಬೇಕಾದದ್ದು ಇಫ್ತಾರಿನಿಂದ ಮಲಗುವವರೆಗಿನ ನಾಲ್ಕೈದು ಗಂಟೆ ಮತ್ತು ಸಹರಿಯ ಹೊತ್ತು. ಸೇದಬೇಕೆಂಬ ತುಡಿತ ಒಮ್ಮೆಗೆ ಕೆಲವೇ ನಿಮಿಷ ಇರುತ್ತದೆ. ನಮಾಝ್ ಮುಗಿಸಿ ಗೇಟಿನ ಕಡೆ ಹೋಗದೆ ನೇರ ಮನೆಗೆ ಬನ್ನಿ, ನೀರು ಕುಡಿಯಿರಿ, ತರಾವೀಹ್‌ಗೆ ಸ್ವಲ್ಪ ಬೇಗ ಹೊರಡಿ. ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು, ನಿದ್ದೆ ಬಾರದಿರುವುದು ಹೆಚ್ಚು. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಎರಡರಿಂದ ನಾಲ್ಕು ವಾರಗಳಲ್ಲಿ ಇವು ತಗ್ಗುತ್ತವೆ. ಬೀಡಿ ಬದಲು ಗುಟ್ಕಾ ಅಥವಾ ಹೊಗೆಸೊಪ್ಪು ಹಿಡಿಯಬೇಡಿ, ಅದರಲ್ಲಿರುವುದೂ ನಿಕೋಟಿನ್ನೇ. ಔಷಧಿ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ, ಇಫ್ತಾರಿನ ನಂತರ ಬಳಸಬಹುದು. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ನಿಜವಾದ ಪರೀಕ್ಷೆ ಈದ್ ದಿನ. ಹಗಲಿನ ತಡೆ ಇರುವುದಿಲ್ಲ, ನೆಂಟರು ಬರುತ್ತಾರೆ, ಯಾರೋ ಒಬ್ಬರು ಪ್ಯಾಕೆಟ್ ಚಾಚುತ್ತಾರೆ. ಅಂದು ಜಾರಿದರೂ ಮರುದಿನದಿಂದಲೇ ಮತ್ತೆ ನಿಲ್ಲಿಸಿ. ಒಂದು ವರ್ಷ ಸೇದದೆ ಇದ್ದರೆ ಹೃದ್ರೋಗದ ಅಪಾಯ ಸೇದುವವರ ಅರ್ಧಕ್ಕೆ ಇಳಿಯುತ್ತದೆ. ಸಲಹೆ ಬೇಕೆನಿಸಿದರೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-112-356ಕ್ಕೆ ಕರೆ ಮಾಡಿ, ಕರೆ ಉಚಿತ.