ಹೊತ್ತು ಮುಳುಗುವ ಮೊದಲು ಹತ್ತು ನಿಮಿಷದ ಕೋಸಂಬರಿ

ಸಲಾಡ್ ಎಂದರೆ ಈರುಳ್ಳಿ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್ ಎಂಬುದು ಹೋಟೆಲಿನವರ ಲೆಕ್ಕ. ಕಂದಮೂಲ ಬಿಟ್ಟ ಜೈನ ಮನೆಗಳಲ್ಲಿ ಈ ನಾಲ್ಕೂ ಇಲ್ಲ. ಹಾಗೆಂದು ಹಸಿ ತರಕಾರಿಯನ್ನೇ ಕೈಬಿಡಬೇಕಾಗಿಲ್ಲ. ಚಳಿಗಾಲದಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕೆಲಸದಿಂದ ಐದೂವರೆಗೆ ಬಂದವರು ಪಲ್ಯ, ಸಾರು ಮಾಡುವಷ್ಟರಲ್ಲಿ ಹೊತ್ತು ಮೀರುತ್ತದೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಸಂಜೆಯ ಊಟ ಬರೀ ಅವಲಕ್ಕಿ, ಬ್ರೆಡ್ಡಿಗೆ ಇಳಿದಿದೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಇದು ಒಳ್ಳೆಯದಲ್ಲ. ಬೆಳೆಯುವ ಮಕ್ಕಳಿಗೂ ಸಾಲದು.

ಇಂಥ ಹೊತ್ತಿಗೆ ನಮ್ಮ ಹಳೆಯ ಕೋಸಂಬರಿಯೇ ಆಸರೆ. ನಾಲ್ವರಿಗೆ ಅರ್ಧ ಲೋಟ ಹೆಸರುಬೇಳೆಯನ್ನು ತೊಳೆದು, ಸೋಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಸಾಕು. ಸೋಸಿದ ಹಸಿ ನೀರಿನ ಮರ್ಯಾದೆ ಎರಡು ಘಳಿಗೆ, ಅಂದರೆ 48 ನಿಮಿಷ. ಬೇಳೆ ಅದರೊಳಗೇ ನೆನೆಯುತ್ತದೆ. ನೀರು ಬಸಿದು, ಎಳೆ ಸೌತೆಕಾಯಿ ಹೆಚ್ಚಿ, ಹಿಡಿ ತೆಂಗಿನತುರಿ, ಕೊತ್ತಂಬರಿ ಸೊಪ್ಪು, ನಿಂಬೆರಸ ಸೇರಿಸಬೇಕು. ಮೇಲೆ ಸಾಸಿವೆ, ಹಸಿಮೆಣಸಿನಕಾಯಿ, ಇಂಗಿನ ಒಗ್ಗರಣೆ. ಉಪ್ಪನ್ನು ಮಾತ್ರ ಬಡಿಸುವ ಗಳಿಗೆಯಲ್ಲಿ ಹಾಕಬೇಕು. ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಕೋಸಂಬರಿ ಸಾರಾಗುತ್ತದೆ. ಮೊಳಕೆಕಾಳು ಪೌಷ್ಟಿಕವೆಂದು ಈಗ ಎಲ್ಲರೂ ಹೇಳುತ್ತಾರೆ. ಆದರೆ ಮೊಳಕೆಯನ್ನು ಅನಂತಕಾಯವೆಂದು ಬಿಟ್ಟವರಿಗೆ ನೆನೆಸಿದ ಬೇಳೆಯೇ ಸರಿ.

ಕ್ಯಾರೆಟ್ಟಿನ ಬಣ್ಣ ಬೇಕೆಂದು ಹಠ ಮಾಡುವ ಮಕ್ಕಳಿಗೆ ದಾಳಿಂಬೆ ಇದೆ. ಬಾಗಲಕೋಟೆ, ಕೊಪ್ಪಳದ ಕಡೆಯವರಿಗೆ ಅದು ಹಿತ್ತಲ ಹಣ್ಣಿದ್ದಂತೆ. ಒಂದು ಹಿಡಿ ಕಾಳು ಉದುರಿಸಿದರೆ ತಟ್ಟೆಯೇ ಕೆಂಪಾಗುತ್ತದೆ. ಕೆಂಪು, ಹಳದಿ ದೊಣ್ಣೆಮೆಣಸಿನಕಾಯಿಯೂ ಆಗುತ್ತದೆ. ಅದನ್ನು ಮೊದಲು ಎರಡು ಹೋಳು ಮಾಡಿ, ಬೀಜದ ಗಂಟು ತೆಗೆದು, ಹುಳು ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿಯೇ ಹೆಚ್ಚಬೇಕು. ಬೇಸಿಗೆಯಲ್ಲಿ ಮಾವಿನಕಾಯಿ ತುರಿ ಹಾಕಿದರೆ ನಿಂಬೆಹಣ್ಣಿನ ಖರ್ಚೂ ಉಳಿಯಿತು! ಹಸಿಶುಂಠಿಯ ರುಚಿ ಬೇಕೆನ್ನುವವರು ಒಣಶುಂಠಿ ಪುಡಿ ಚಿಟಿಕೆ ಉದುರಿಸಬಹುದು.

ಅನೇಕರು ತಿಳಿಯದೆ ತಪ್ಪುವುದು ಮೊಸರಿನ ಪಚಡಿಯಲ್ಲಿ. ದ್ವಿದಳ ಧಾನ್ಯ ಮತ್ತು ಹಸಿ ಮೊಸರು ಕೂಡಬಾರದೆಂಬ ನಿಯಮ ಗೊತ್ತಿರುತ್ತದೆ, ಕೋಸಂಬರಿಗೆ ಮೊಸರು ಹಾಕುವುದಿಲ್ಲ. ಆದರೆ ಸೌತೆಕಾಯಿ ಪಚಡಿಯ ಒಗ್ಗರಣೆಗೆ ಅಭ್ಯಾಸಬಲದಿಂದ ಉದ್ದಿನಬೇಳೆ, ಕಡಲೆಬೇಳೆ ಬೀಳುತ್ತದೆ. ಅಷ್ಟಾದರೆ ಅದೂ ದ್ವಿದಳವೇ. ಮನೆಗೆ ಬಂದ ವ್ರತಿಗಳು ಅದನ್ನು ಮುಟ್ಟುವಂತಿಲ್ಲ, ಬಡಿಸಿದವರಿಗೆ ಕಾರಣವೂ ಹೊಳೆಯುವುದಿಲ್ಲ. ಮೊಸರಿನ ಪಚಡಿಗೆ ಸಾಸಿವೆ, ಜೀರಿಗೆ, ಕರಿಬೇವು ಇಷ್ಟೇ ಒಗ್ಗರಣೆ. ಹುರಿಗಡಲೆ ಹಾಕಿದ ಚಟ್ನಿಪುಡಿಯನ್ನೂ ಅದರ ಮೇಲೆ ಉದುರಿಸಬಾರದು. ಒಂದೇ ಊಟಕ್ಕೆ ಎರಡನ್ನೂ ಮಾಡುವುದಕ್ಕಿಂತ ಬೆಳಿಗ್ಗೆ ಪಚಡಿ, ಸಂಜೆ ಕೋಸಂಬರಿ ಎಂದು ಹಂಚಿಕೊಂಡರೆ ಗೊಂದಲವಿಲ್ಲ.

ಅಷ್ಟಮಿ, ಚತುರ್ದಶಿಯಂದು ಹಸಿರು ಬಿಡುವ ಮನೆಗಳೂ ಬಹಳ. ಪ್ರತಿ ಮನೆಯ ನಿಯಮ ಒಂದೇ ಅಲ್ಲ, ಹಿರಿಯರನ್ನು ಕೇಳಿಕೊಂಡು ಮಾಡುವುದು ಒಳಿತು. ಅಂದು ನೆನೆಸಿದ ಹೆಸರುಬೇಳೆಗೆ ಒಣಕೊಬ್ಬರಿ ತುರಿ, ಮೆಣಸಿನಪುಡಿ, ನಿಂಬೆಯ ಬದಲು ಚಿಟಿಕೆ ಆಮಚೂರ್ ಸೇರಿಸಬಹುದು. ಬಣ್ಣಕ್ಕೆ ನಾಲ್ಕು ಒಣದ್ರಾಕ್ಷಿ. ಸೌತೆ ಇಲ್ಲದ ಕಾರಣ ಇದು ನೀರು ಬಿಡುವುದಿಲ್ಲ, ಉಪ್ಪನ್ನು ಮೊದಲೇ ಹಾಕಿದರೂ ನಡೆಯುತ್ತದೆ.