ಕಾಲೇಜಿನ ಪ್ರತಿಷ್ಠೆಯೂ ಕೀಳರಿಮೆಯೂ

ನಮ್ಮ ಹೈದರಾಬಾದು ವಿದ್ಯಾಲಯಗಳ ನಗರ. ಮಿಯಾಪುರದಲ್ಲಿ ಮೆಟ್ರೋ ರೈಲನ್ನು ಏರಿದರೆ ಮುಂದಿನ ನಿಲ್ದಾಣವೇ ಜೆ.ಎನ್.ಟಿ.ಯು. ಕಾಲೇಜು, ಗಚ್ಚಿಬೌಲಿಯ ಕಡೆಗೆ ಹೊರಟರೆ 1974ರಲ್ಲಿ ಸ್ಥಾಪಿತವಾದ ಹೈದರಾಬಾದ್ ವಿಶ್ವವಿದ್ಯಾಲಯ, ಜಹೀರಾಬಾದು, ಬೀದರಗಳ ದಾರಿಯಲ್ಲಿ ಸಾಗಿದರೆ ಕಂದಿಯಲ್ಲಿ ಐ.ಐ.ಟಿ. ಇವುಗಳ ನಡುವೆ ಬೆಳೆಯುವ ವಿದ್ಯಾರ್ಥಿಯನ್ನು ಬಂಧುಗಳು ‘ಏನು ಓದುತ್ತೀ?’ ಎಂದು ಕೇಳುವುದಕ್ಕೆ ಮೊದಲೇ ‘ಯಾವ ಕಾಲೇಜು?’ ಎಂದು ಕೇಳುತ್ತಾರೆ. ಉತ್ತರ ಹೇಳುವಾಗ ಒಬ್ಬನ ತಲೆ ಮೇಲೇರುತ್ತದೆ. ಮತ್ತೊಬ್ಬನ ದನಿ ಇಳಿಯುತ್ತದೆ. ಈ ಏರಿಳಿತಕ್ಕೆ ಕಾರಣವೇನೆಂದು ವಿಚಾರಮಾಡುವುದು ಶಾಲೆಯ ಬಾಗಿಲನ್ನು ದಾಟಲಿರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಅವಶ್ಯಕ.

ತಾನು ಇತರರಿಗಿಂತ ಕಡಿಮೆಯೆಂಬ ಭಾವನೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ವಿಯೆನ್ನಾದ ವೈದ್ಯ ಆಲ್‌ಫ್ರೆಡ್ ಆಡ್ಲರ್ (1870–1937) ಪ್ರಮುಖರು. ಬಾಲ್ಯದಲ್ಲಿ ರೋಗದಿಂದ ನರಳಿದ್ದ ಅವರಿಗೆ ಈ ಭಾವನೆ ಅಪರಿಚಿತವಾಗಿರಲಿಲ್ಲ. ಅವರ ಮತದಲ್ಲಿ ಇದು ಸ್ವತಃ ದೋಷವಲ್ಲ. ಪ್ರತಿಯೊಂದು ಮಗುವೂ ದೊಡ್ಡವರ ನಡುವೆ ತನ್ನ ಅಲ್ಪತೆಯನ್ನು ಕಂಡುಕೊಳ್ಳುತ್ತದೆ. ಅದರಿಂದಲೇ ನಡೆಯಲು, ನುಡಿಯಲು, ಕಲಿಯಲು ಹಂಬಲಿಸುತ್ತದೆ. ಪ್ರಯತ್ನವನ್ನು ಕೈಬಿಟ್ಟು ‘ಇದು ನನ್ನಿಂದಾಗದು’ ಎಂದು ಕುಳಿತಾಗ ಮಾತ್ರ ಅದು ಕೀಳರಿಮೆಯಾಗುತ್ತದೆ. ಇತರರನ್ನು ಹೀಯಾಳಿಸಿ ತನ್ನ ಹಿರಿಮೆಯನ್ನು ಮೆರೆಸುವ ಮೇಲರಿಮೆಯೂ ಬಹುಮಟ್ಟಿಗೆ ಒಳಗಿನ ಕೀಳರಿಮೆಯನ್ನು ಮರೆಮಾಡುವ ಮುಸುಕೇ ಎಂಬುದು ಆಡ್ಲರರ ಅಭಿಪ್ರಾಯ.

ಹಾಗಾದರೆ ಕಾಲೇಜುಗಳ ಮೇಲು ಕೀಳು ಶಾಶ್ವತವಾದುದೇ? ಇದಕ್ಕೆ ನಮ್ಮ ನಗರದ ಚರಿತ್ರೆಯೇ ಉತ್ತರ ಹೇಳುತ್ತದೆ. 1887ರಲ್ಲಿ ಸ್ಥಾಪಿತವಾದ ನಿಜಾಂ ಕಾಲೇಜು ಹೈದರಾಬಾದಿನಲ್ಲಿದ್ದರೂ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಅಲ್ಲಿನ ಬೋಧನೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. 1918ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರು ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದಾಗ ಉರ್ದುವನ್ನು ಬೋಧನೆಯ ಮಾಧ್ಯಮವನ್ನಾಗಿ ಮಾಡಿ, ಇಂಗ್ಲಿಷನ್ನು ಕಡ್ಡಾಯ ಭಾಷೆಯಾಗಿ ಇರಿಸಿದರು. ವಿಜ್ಞಾನ, ನ್ಯಾಯಶಾಸ್ತ್ರ ಮೊದಲಾದ ವಿಷಯಗಳ ಗ್ರಂಥಗಳನ್ನು ಉರ್ದುವಿಗೆ ತರುವುದಕ್ಕೆಂದೇ ಒಂದು ಭಾಷಾಂತರ ಸಂಸ್ಥೆಯೂ ಏರ್ಪಟ್ಟಿತು. ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಪ್ರತಿಷ್ಠೆಗಳು ಎದುರುಬದುರಾಗಿ ನಿಂತವು: ಒಂದಕ್ಕೆ ಬ್ರಿಟಿಷ್ ಭಾರತದ ಮನ್ನಣೆಯ ಬಲ, ಇನ್ನೊಂದಕ್ಕೆ ಸಂಸ್ಥಾನದ ಅಭಿಮಾನದ ಬಲ. ಕಾಲಚಕ್ರ ತಿರುಗಿತು. 1947ರಲ್ಲಿ ನಿಜಾಂ ಕಾಲೇಜು ಉಸ್ಮಾನಿಯಾದ ಅಂಗವಾಯಿತು; 1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾದ ಮೇಲೆ ಉಸ್ಮಾನಿಯಾದ ಬೋಧನ ಮಾಧ್ಯಮವೂ ಇಂಗ್ಲಿಷಾಯಿತು. ಮೂವತ್ತು ವರ್ಷಗಳಲ್ಲಿ ತೂಗುವ ತಕ್ಕಡಿಯೇ ಬದಲಾಯಿತು. ಅದರಿಂದ ಅಲ್ಲಿ ಓದಿದವರ ಬುದ್ಧಿಯೇನೂ ಹೆಚ್ಚಲಿಲ್ಲ, ಕುಗ್ಗಲೂ ಇಲ್ಲ.

ಈ ನಡುವೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಂದ ಬಂದ ಕನ್ನಡದ ತರುಣರ ಪಾಡೇನು? ಅವರಿಗೆ ಇಂಗ್ಲಿಷಿನಂತೆಯೇ ಉರ್ದುವೂ ಮನೆಯ ಮಾತಾಗಿರಲಿಲ್ಲ. ಕೊಪ್ಪಳದ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ, ಎಂದರೆ ಉಸ್ಮಾನಿಯಾ ಹುಟ್ಟಿದ ವರ್ಷದಲ್ಲಿಯೇ, ಜನಿಸಿದ ಸಿದ್ಧಯ್ಯ ಪುರಾಣಿಕರು ಆ ವಿಶ್ವವಿದ್ಯಾಲಯದಲ್ಲಿ ಓದಿ ಆಡಳಿತಾಧಿಕಾರಿಗಳಾದರು. ಪರಭಾಷೆಯಲ್ಲಿ ವಿದ್ಯೆ ಗಳಿಸಿದರೂ ತಾಯ್ನುಡಿಯನ್ನು ಕೀಳೆಂದು ಬಗೆಯದೆ, ‘ಕಾವ್ಯಾನಂದ’ ಎಂಬ ಹೆಸರಿನಿಂದ ಕನ್ನಡದಲ್ಲಿ ಕವಿತೆ ಬರೆದು, 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಏರಿದರು.

ಇಷ್ಟರಿಂದ ಎಲ್ಲ ಕಾಲೇಜುಗಳೂ ಸಮಾನವೆಂದು ಹೇಳಿದಂತಾಗದು. ಪ್ರಯೋಗಶಾಲೆ, ಗ್ರಂಥಾಲಯ, ಅಧ್ಯಾಪಕರು, ಇವುಗಳ ಅಂತರ ನಿಜವಾದ ಅಂತರ. ಆದರೆ ಹೆಸರಿನ ಪ್ರಭಾವ ನಾವು ಊಹಿಸುವಷ್ಟು ದೊಡ್ಡದಲ್ಲ. ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ ಎಂಬ ಸಂಶೋಧಕರು 2002ರಲ್ಲಿ ಅಮೆರಿಕದ ವಿದ್ಯಾರ್ಥಿಗಳನ್ನು ಕುರಿತು ಒಂದು ಅಧ್ಯಯನವನ್ನು ಪ್ರಕಟಿಸಿದರು. ಹೆಸರಾಂತ ಕಾಲೇಜಿನಲ್ಲಿ ಪ್ರವೇಶ ದೊರೆತಿದ್ದೂ ಅಷ್ಟು ಹೆಸರಿಲ್ಲದ ಕಾಲೇಜನ್ನು ಸೇರಿದವರ ಮುಂದಿನ ಸಂಪಾದನೆ, ಆ ಹೆಸರಾಂತ ಕಾಲೇಜುಗಳಲ್ಲಿ ಓದಿದವರ ಸಂಪಾದನೆಗೆ ಸರಾಸರಿಯಲ್ಲಿ ಸಮನಾಗಿಯೇ ಇತ್ತು. ಬಡ ಕುಟುಂಬದ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ವಿಶೇಷ ಪ್ರಯೋಜನವಾಗಿತ್ತು. ಆದುದರಿಂದ ಒಳ್ಳೆಯ ಕಾಲೇಜಿಗೆ ಪ್ರಯತ್ನಿಸುವುದು ಯುಕ್ತವೇ. ಅದು ದೊರೆಯಲಿಲ್ಲವೆಂದು ಬಾಳೇ ಮುಗಿಯಿತೆಂದು ಕೊರಗುವುದು ಅವಿವೇಕ. ದೊಡ್ಡ ಕಾಲೇಜನ್ನು ಸೇರಿದವರಿಗೂ ಕೀಳರಿಮೆ ತಪ್ಪಿದ್ದಲ್ಲ. ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದವನು ಮೊದಲಿಗರೇ ತುಂಬಿರುವ ತರಗತಿಯಲ್ಲಿ ನಲವತ್ತನೆಯವನಾದಾಗ, ತನ್ನ ಶಕ್ತಿಯೇ ಉಡುಗಿತೆಂದು ಭ್ರಮಿಸುತ್ತಾನೆ. ಬದಲಾದುದು ಅವನ ಶಕ್ತಿಯಲ್ಲ, ಅವನ ನೆರೆಹೊರೆ.

ಕಾಲೇಜುಗಳೊಳಗಿನ ಸ್ಪರ್ಧೆಯೂ ಕೆಡುಕಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ನಡುವಣ ದೋಣಿಪಂದ್ಯ 1829ರಲ್ಲಿ ಆರಂಭವಾಗಿ ಇಂದಿಗೂ ನಡೆದು ಬಂದಿದೆ. ಪಂದ್ಯ ಮುಗಿದ ಮೇಲೆ ಎದುರಾಳಿಯನ್ನು ಗೌರವಿಸುವುದೇ ಸ್ಪರ್ಧೆ. ಹಗೆ ಹಿಡಿದು ಹಂಗಿಸುವುದು ಮತ್ಸರ.

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಈ ನಗರದ ಕಾಲೇಜುಗಳಿಗೆ ಹೋದಾಗ ಇಂಗ್ಲಿಷಿನಲ್ಲಿ ತಡವರಿಸುವ ದಿನಗಳು ಬಂದೇ ಬರುತ್ತವೆ. ಆಗ ‘ನನಗೆ ಈ ಭಾಷೆಯ ಅಭ್ಯಾಸ ಸಾಲದು’ ಎಂಬುದಕ್ಕೂ ‘ನಾನು ಕೆಲಸಕ್ಕೆ ಬಾರದವನು’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದು. ಮೊದಲನೆಯದು ನಿಘಂಟು, ವಾಚನ ಮತ್ತು ನಿತ್ಯಾಭ್ಯಾಸಗಳಿಂದ ನೀಗುವ ಕೊರತೆ. ಎರಡನೆಯದು ಬರಿಯ ಭ್ರಮೆ. ಕಾಲೇಜಿನ ಹೆಸರು ಎರವಲು ತಂದ ಉಡುಪಿನಂತೆ. ಕಲಿತ ವಿದ್ಯೆಯೊಂದೇ ಮೈಗೂಡಿ ಉಳಿಯುವಂಥದು. ನಾವು ಓದುವ ಕಾಲೇಜಿನಿಂದ ನಮಗೆ ಕೀರ್ತಿ ಬರಲೆಂದು ಹಾರೈಸುವುದಕ್ಕಿಂತ, ನಮ್ಮಿಂದ ಅದಕ್ಕೆ ಕೀರ್ತಿ ಬರುವಂತೆ ದುಡಿಯುವುದೇ ವಿದ್ಯಾರ್ಥಿಗೆ ಶೋಭಿಸುವ ಪ್ರತಿಷ್ಠೆ.