ಕೊರಳಿನ ಸಂಧಿ

ಸಂಧಿ ಬಿಡಿಸುವುದನ್ನು ಕಲಿಸುತ್ತಲೇ ನಿವೃತ್ತನಾದವನು ನಾನು. ಎರಡು ವರ್ಷ ಕೂಡಿಟ್ಟ ಹಣದಿಂದ ಮೊಮ್ಮಗನು ಕೈಯಿಂದ ಮಾಡಿದ ವಿದ್ಯುತ್ ಗಿಟಾರೊಂದನ್ನು ಕೊಳ್ಳಹೊರಟಾಗ ಎದುರಾದದ್ದೂ ಸಂಧಿಯ ಪ್ರಶ್ನೆಯೇ. ಕೊರಳನ್ನು ಒಡಲಿಗೆ ಕೂಡಿಸಿದ ಬಗೆಯಿಂದ ವಾದ್ಯದ ಯೋಗ್ಯತೆಯನ್ನು ಅಳೆಯಬಹುದೆ?

ಬಗೆಗಳು ಮೂರು. 1950ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಮಾರಾಟಕ್ಕೆ ತಂದ ಗಿಟಾರಿನಲ್ಲಿ ಕೊರಳನ್ನು ನಾಲ್ಕು ತಿರುಪುಗಳಿಂದ ಬಿಗಿಯಲಾಗಿತ್ತು. 1952ರ ಗಿಬ್ಸನ್ ಲೆಸ್ ಪಾಲ್ ಗಿಟಾರಿನಲ್ಲಿ ಕೊರಳ ತುದಿಯನ್ನು ಒಡಲ ಕುಳಿಯಲ್ಲಿ ಕೂರಿಸಿ ಅಂಟಿಸಿದರು. ಮೂರನೆಯದರಲ್ಲಿ ಕೊರಳ ಮರವೇ ಒಡಲಿನುದ್ದಕ್ಕೂ ಹಾಯುತ್ತದೆ. ಪಕ್ಕಗಳನ್ನು ಮಾತ್ರ ಅಂಟಿಸುತ್ತಾರೆ. ಕೊನೆಯ ಎರಡಕ್ಕೆ ದುಡಿಮೆ ಹೆಚ್ಚು. ಬೆಲೆಯೂ ಸಾಮಾನ್ಯವಾಗಿ ಹೆಚ್ಚು.

ಆದರೆ ಬೆಲೆ ಬೇರೆ, ಗುಣ ಬೇರೆ. ಆರು ತಂತಿಗಳು ಸುಮಾರು 45 ಕಿಲೋಗ್ರಾಂ ಭಾರದಷ್ಟು ಬಲದಿಂದ ಕೊರಳನ್ನು ಸದಾ ಸೆಳೆಯುತ್ತಿರುತ್ತವೆ. ಕಾಲಾಂತರದಲ್ಲಿ ಅದರ ಓರೆ ತಪ್ಪಿದರೆ ತಿರುಪಿನದನ್ನು ಬಿಚ್ಚಿ ಸರಿಪಡಿಸಬಹುದು. ಅಂಟಿನದನ್ನು ಆವಿಯಿಂದ ಸಡಿಲಿಸಬೇಕು. ಮೂರನೆಯದನ್ನು ಬೇರ್ಪಡಿಸುವಂತೆಯೇ ಇಲ್ಲ. ನೋಡಬೇಕಾದದ್ದು, ನಡುವೆ ಕಾಗದವೂ ನುಸುಳದಂತೆ ಮರವು ಮರಕ್ಕೆ ಒಪ್ಪಿದೆಯೆ ಎಂಬುದನ್ನು. ಕುಶಲಿಯ ಕೈ ತಿಳಿಯುವುದು ಅಲ್ಲಿ.

ಒಳ್ಳೆಯ ಸಂಧಿ ಕೂಡಿದಾಗ ಒಂದಾಗಿ ನಿಲ್ಲುತ್ತದೆ. ಬಿಡಿಸಿದಾಗ ಎರಡು ಪದಗಳನ್ನೂ ಮುಕ್ಕಾಗದಂತೆ ಹಿಂದಿರುಗಿಸುತ್ತದೆ. ಮೊಮ್ಮಗನು ತಿರುಪಿನದನ್ನೇ ಕೊಂಡನು.